ಲೈಟ್ ಹೋದಾಗ ಹಾಲಿನ ಲೆಕ್ಕ

ಬರೆದು ಬಹಳ ದಿನ ಆಯ್ತು... ಈ ಸಲ ಸ್ವಲ್ಪ ಕಂಪ್ಯೂಟರ್ ಕೊರೆತ ಇದೆ, ಸಹಿಸ್ಕೊಳ್ಳಿ :)

ರಾಯಬಾಗ ತಾಲೂಕಿನ ನಮ್ಮೂರಲ್ಲಿ ನಮ್ಮ ಕಾಕಾ ಹಾಲಿನ ಡೇರಿ ನಡೆಸ್ತಾರೆ. ಡೇರಿ ಅಂದ್ರೆ ದೊಡ್ಡದೇನಲ್ಲ. ಒಂದು ತಗಡಿನ ಶೆಡ್ಡು, ತೂಕದ ಕಾಟಾ, ಫ್ಯಾಟ್ ನೋಡೋ ಮಷಿನ್, ಮತ್ತೆ ನಿಪ್ಪಾಣಿಯಿಂದ ತಂದ ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ಒಂದು. ಅದರಲ್ಲಿ ಓಡೋ ಪ್ರೋಗ್ರಾಂ ನನ್ನದು. ಲಿನಕ್ಸ್, ಪೈಥಾನ್, ಒಂದು ದೀಪಾವಳಿ ರಜೆಯಲ್ಲಿ ಬರೆದದ್ದು. ಇಂಜಿನಿಯರಿಂಗ್ ಓದಿಸಿದ್ದಕ್ಕೆ ಇಷ್ಟಾದ್ರೂ ಉಪಯೋಗ ಆಯ್ತಲ್ಲ ಅಂತ ಮನೆಯಲ್ಲಿ ಎಲ್ಲರಿಗೂ ಖುಷಿ.

ಒಂದು ದಿನ ಬೆಳಿಗ್ಗೆ ಕಾಕಾನ ಫೋನು. "ತಮ್ಮಾ, ನಿನ್ನೆ ಸಂಜಿ ಹಾಲಿಂದು ಲೆಕ್ಕಾನ ಇಲ್ಲೋ. ಫೈಲ್ ಐತಿ, ಒಳಗ ಏನೂ ಇಲ್ಲ."

ಹಿಂದಿನ ಸಂಜೆ ಲೆಕ್ಕ ಮುಗಿಸಿ, ಪರದೆ ಮೇಲೆ 'ಮುಗೀತು' ಅಂತ ಬಂದ ಸ್ವಲ್ಪ ಹೊತ್ತಿಗೆ ಲೈಟ್ ಹೋಗಿತ್ತು. ಯುಪಿಎಸ್ ಬ್ಯಾಟರಿ ಸತ್ತು ಯಾವ ಕಾಲ ಆಗಿತ್ತೋ. ಚೀಟಿ ಇಟ್ಟುಕೊಂಡಿದ್ದವರಿಗೆ ಚೀಟಿ ನೋಡಿ, ಇಲ್ಲದವರಿಗೆ ಹಿಂದಿನ ದಿನ ಎಷ್ಟು ಹಾಕಿದ್ರೋ ಅಷ್ಟೇ ಅಂತ ಹಿಡಿದು ಕಾಕಾ ದುಡ್ಡು ಕೊಟ್ಟರು. ಅಲ್ಲೇ ಎಡವಟ್ಟಾಗಿದ್ದು. ಮೂಲಿಮನಿ ಆಯಿಗೆ ಹಿಂದಿನ ದಿನ ಎಮ್ಮೆ ಒದ್ದು ಹಾಲೇ ಕಮ್ಮಿ ಇತ್ತು. "ಹಂಗಾರ ನನ್ನ ಎಮ್ಮಿ ಹಾಲ ಕಂಪ್ಯೂಟರ್ ಕುಡೀತೇನು?" ಅಂದಳಂತೆ ಎಲ್ಲರೆದುರಿಗೆ. ನಮ್ಮ ಕಡೆ ಕಾಟಾದ ಮೇಲೆ ಅನುಮಾನ ಬರೋದು ಹೊಸದಲ್ಲ. ಕಬ್ಬಿರಲಿ, ಹಾಲಿರಲಿ, ತೂಗುವವನ ಮರ್ಯಾದೆ ಆ ಅಂಕಿಯಲ್ಲೇ ಇರುತ್ತೆ.

ನಾನು ಬೆಂಗಳೂರಿಂದಲೇ ಕೋಡ್ ನೋಡಿ, ಬರೆದ ಮೇಲೆ ಫ್ಲಶ್ ಮಾಡಿಲ್ಲ ಅಂತ ಒಂದು ಸಾಲು ಸೇರಿಸಿದೆ. ಪರೀಕ್ಷೆಗೆ ಅಂತ 400 ಸಾಲಿನ ಶೆಲ್ ಸ್ಕ್ರಿಪ್ಟನ್ನೂ ಗೀಚಿದೆ. ಎಲ್ಲ ಪಾಸ್! "ಸರಿ ಮಾಡೀನಿ ಕಾಕಾ, ಇನ್ನ ಹೋಗಂಗಿಲ್ಲ" ಅಂದೆ.

ಒಂದು ತಿಂಗಳಿಗೆ ಮತ್ತೆ ಹೋಯ್ತು. ಆಯಿ ಬೇರೆ ಡೇರಿಗೆ ಹಾಲು ಹಾಕೋಕೆ ಶುರು ಮಾಡಿದಳು. ಕಾಕಾ ನನಗೆ ಏನೂ ಅನ್ನಲಿಲ್ಲ. ಹಳೇ ವಹಿ ತೆಗೆದು ಕೈಯಲ್ಲಿ ಬರೆಯೋಕೆ ಕೂತರು. ಬೈದಿದ್ರೆ ಚೆನ್ನಾಗಿತ್ತು.

ಆಗಿದ್ದು ಏನಂದ್ರೆ... ಹಳೇ ಲೆಕ್ಕದವರು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖತಾವಣಿಗೆ ಏರಿಸ್ತಾರಲ್ಲ, ಎಕ್ಸ್‌ಟಿ4 ಫೈಲ್‌ಸಿಸ್ಟಮ್ಮಿನ ಜರ್ನಲ್ ಹೆಚ್ಚುಕಮ್ಮಿ ಹಾಗೇ. ಆದ್ರೆ ಮಾಮೂಲಿ ಸೆಟ್ಟಿಂಗಿನಲ್ಲಿ ಆ ಕಿರ್ದಿಗೆ ಹೋಗೋದು ಫೈಲಿನ ಹೆಸರು, ಅಳತೆ, ಜಾಗದಂಥ ವಿವರ ಮಾತ್ರ, ಒಳಗಿನ ಅಂಕಿ ಅಲ್ಲ. ಜರ್ನಲ್ 5 ಸೆಕೆಂಡಿಗೊಮ್ಮೆ ಡಿಸ್ಕಿಗೆ ಹೋಗುತ್ತೆ, ಅಂಕಿ ಸುಮಾರು 30 ಸೆಕೆಂಡು ಮೆಮೊರಿಯಲ್ಲೇ ಕೂತಿರಬಹುದು. ನನ್ನ ಪ್ರೋಗ್ರಾಂ ಏನು ಮಾಡ್ತಿತ್ತು? ಹಾಲು ಹಾಕುವಷ್ಟು ಹೊತ್ತು ಒಂದು ಕಚ್ಚಾ ಫೈಲು, ಕೊನೆಗೆ ದರ ಹಚ್ಚಿ ಪಕ್ಕಾ ಫೈಲು ಬರೆದು, ಅದಕ್ಕೆ ತಾರೀಖಿನ ಹೆಸರು ಕೊಟ್ಟು, ಕಚ್ಚಾದನ್ನ ಅಳಿಸಿಬಿಡೋದು. ಹೆಸರು ಬಂತು, ಕಚ್ಚಾ ಹೋಯ್ತು ಅನ್ನೋದು ಡಿಸ್ಕಿಗೆ ಮುಟ್ಟಿತ್ತು. ಅಂಕಿ ಮುಟ್ಟಿರಲಿಲ್ಲ. ನಡುವೆ ಲೈಟ್ ಹೋಯ್ತು.

ಇದು ಹಳೇ ಜಗಳ. 2009ರಲ್ಲಿ ಎಕ್ಸ್‌ಟಿ4 ಹೊಸದಾಗಿದ್ದಾಗ ಜನರ ಫೈಲುಗಳು ಹೀಗೇ ಸೊನ್ನೆ ಬೈಟ್ ಆಗಿ ಗಲಾಟೆಯಾಗಿತ್ತು. ಥಿಯೊಡೋರ್ ತ್ಸೋ, ತಪ್ಪು ಎಫ್‌ಸಿಂಕ್ ಮಾಡದ ಪ್ರೋಗ್ರಾಮಿನದು ಅಂತ ವಾದಿಸಿದರೂ 2.6.30ರಲ್ಲಿ ಒಂದು ರಕ್ಷಣೆ ಸೇರಿಸಿದರು. ಆದ್ರೆ ಅದು ಇರೋ ಫೈಲಿನ ಮೇಲೆ ಹೊಸದನ್ನ ರಿನೇಮ್ ಮಾಡಿದಾಗ, ಇಲ್ಲವೇ ಇರೋ ಫೈಲನ್ನೇ ಖಾಲಿ ಮಾಡಿ ಮತ್ತೆ ಬರೆದಾಗ ಮಾತ್ರ. ನನ್ನದು ಪ್ರತಿ ಹೊತ್ತಿಗೂ ಹೊಸ ಹೆಸರು. ಪೈಥಾನಿನ ಫ್ಲಶ್ಶೋ, ಕರ್ನಲ್ಲಿಗೆ ಒಪ್ಪಿಸುತ್ತೆ ಅಷ್ಟೆ, ಡಿಸ್ಕಿಗಲ್ಲ.

ಅದಕ್ಕಿಂತ ನಾಚಿಕೆ ಆಗಿದ್ದು ಟೆಸ್ಟ್ ಸ್ಕ್ರಿಪ್ಟ್ ಮತ್ತೆ ತೆಗೆದು ನೋಡಿದಾಗ. ಅದೇ ಐದು ಸಾಲು ಇಪ್ಪತ್ತು ಕಡೆ ಕಾಪಿ ಮಾಡಿದ್ದೆ, ಪ್ರತಿ ಕಡೆ ಸ್ವಲ್ಪ ಸ್ವಲ್ಪ ಬೇರೆ. ಯಾವುದು ಬೇಕೆಂದೇ ಬೇರೆ, ಯಾವುದು ಕೈತಪ್ಪು ಅಂತ ಬರೆದ ನನಗೇ ಗೊತ್ತಾಗಲಿಲ್ಲ. ಅರ್ಧಕ್ಕೆ ನಿಂತರೆ ಹಿಂದಿನ ಮೌಂಟ್ ಹಾಗೇ ಉಳಿದು ಮುಂದಿನದೂ ಕೆಡ್ತಿತ್ತು. ಮತ್ತೆ ಎಲ್ಲದಕ್ಕೂ ಕಳಶ ಇಟ್ಟಂತೆ, 'ಲೈಟ್ ತೆಗೆಯೋ' ಮುಂಚೆ ನೀಟಾಗಿ ಅನ್‌ಮೌಂಟ್ ಮಾಡಿದ್ದೆ! ಅನ್‌ಮೌಂಟ್ ಮಾಡಿದ್ರೆ ಮೆಮೊರಿಯಲ್ಲಿದ್ದದ್ದೆಲ್ಲ ಡಿಸ್ಕಿಗೆ ಹೋಗೇ ಹೋಗುತ್ತೆ. ಪಾಸ್ ಆಗದೆ ಇನ್ನೇನು.

ಹೊಸದಾಗಿ ಬರೆಯೋ ಮುಂಚೆ, ಬಲ್ಲವರು ಹೇಗೆ ಬರೀತಾರೆ ನೋಡೋಣ ಅಂತ ಎಕ್ಸ್‌ಎಫ್‌ಎಸ್‌ಟೆಸ್ಟ್ಸ್ ತೆಗೆದೆ. ಎಸ್‌ಜಿಐ ಕಂಪನಿಯಲ್ಲಿ ಎಕ್ಸ್‌ಎಫ್‌ಎಸ್‌ಗಾಗಿ ಶುರುವಾಗಿ, ಈಗ ಲಿನಕ್ಸಿನ ಪ್ರಮುಖ ಫೈಲ್‌ಸಿಸ್ಟಮ್ಮುಗಳೆಲ್ಲ ಬಳಸೋ ಟೆಸ್ಟುಗಳ ಕಂತೆ. ಬಹುತೇಕ ಎಲ್ಲಾ ಶೆಲ್ ಸ್ಕ್ರಿಪ್ಟೇ! ಒಂದೊಂದು ಟೆಸ್ಟ್ ಚಿಕ್ಕದು. ಯಾಕೆ ಬರೆದದ್ದು ಅಂತ ಮೇಲೆ ನಾಲ್ಕು ಸಾಲು, ಬೇಕಾದ್ದು ಇಲ್ಲದಿದ್ರೆ ಬಿಟ್ಟುಬಿಡೋ ಸಾಲು, ಕೊನೆಗೆ ಬರಬೇಕಾದ ಔಟ್‌ಪುಟ್ ಪಕ್ಕದ ಫೈಲಿನಲ್ಲಿ. ಲೈಟ್ ತೆಗೆಯೋಕೆ ಡಿವೈಸ್ ಮ್ಯಾಪರಿನ ಫ್ಲೇಕಿ. ಬರೆದದ್ದನ್ನೆಲ್ಲ 'ಆಯ್ತು ಆಯ್ತು' ಅಂತ ಹೇಳಿ ಗಟಾರಕ್ಕೆ ಚೆಲ್ಲೋ ಸುಳ್ಳು ಡಿಸ್ಕ್ ಅದು. ಆಗ ಅನ್‌ಮೌಂಟ್ ಮಾಡಿದ್ರೂ ಏನೂ ಉಳಿಯಲ್ಲ. ಅದನ್ನ ಮತ್ತೆ ಸರಿಯಾದ ಡಿಸ್ಕ್ ಮಾಡಿ ಮೌಂಟ್ ಮಾಡಿದ್ರೆ ಜರ್ನಲ್ ಓಡುತ್ತೆ, ಉಳಿದದ್ದೇನು ಅಂತ ಕಾಣುತ್ತೆ. (ಸಸ್ಪೆಂಡ್ ಮಾಡುವಾಗ ನೋಲಾಕ್‌ಎಫ್‌ಎಸ್ ಮರೆತರೆ ಫೈಲ್‌ಸಿಸ್ಟಮ್ ತಾನೇ ಸಿಂಕ್ ಆಗಿಬಿಡುತ್ತೆ. ಒಂದು ಭಾನುವಾರ ಪೂರ್ತಿ ಇದಕ್ಕೇ ಹೋಯ್ತು.)

ನನ್ನದರಲ್ಲೂ ಈಗ ನಾಲ್ಕೇ ಫಂಕ್ಷನ್ನು: ಹೊಸ ಡಿಸ್ಕ್, ಕೆಲಸ, 'ಲೈಟ್‌ಹೋತು', ನೋಡು. ಹೇಗೆ ಮುಗಿದರೂ ಗುಡಿಸಿ ಹೋಗೋ ಒಂದು ಟ್ರ್ಯಾಪ್. ಪ್ರತಿ ಟೆಸ್ಟಿಗೂ ಹೊಸದಾಗಿ ಫಾರ್ಮ್ಯಾಟ್, ಹಿಂದಿನದರ ಹಂಗಿಲ್ಲ.

ಮೊದಲು ನಿದ್ದೆ ಕೊಟ್ಟು ನೋಡಿದೆ, 3 ಸೆಕೆಂಡು, 7 ಸೆಕೆಂಡು, ಹೀಗೆ. ಒಮ್ಮೆ ಸಿಗುತ್ತೆ, ಒಮ್ಮೆ ಸಿಗಲ್ಲ. ಆ ಕಂತೆಯಿಂದಲೇ ಉಪಾಯ ಕಲಿತೆ: ಸಂಬಂಧವೇ ಇಲ್ಲದ ಪಕ್ಕದ ಫೈಲೊಂದನ್ನ ಎಫ್‌ಸಿಂಕ್ ಮಾಡೋದು. ಆಗ ಜರ್ನಲ್ ಡಿಸ್ಕಿಗೆ ಹೋಗುತ್ತೆ, ನಮ್ಮ ಅಂಕಿ ಹೋಗಲ್ಲ. ಕಾಕಾನ ಶೆಡ್ಡಿನಲ್ಲಿ ತಿಂಗಳಿಗೊಮ್ಮೆ ಆಗ್ತಿದ್ದದ್ದು ನನ್ನ ಲ್ಯಾಪ್‌ಟಾಪಿನಲ್ಲಿ ಪ್ರತಿ ಸಲ ಆಗೋಕೆ ಶುರುವಾಯ್ತು. ಒಂದು ಫೈಲು ಕೆಟ್ಟಿದ್ದು ನೋಡಿ ಅಷ್ಟು ಖುಷಿ ಯಾವತ್ತೂ ಆಗಿರಲಿಲ್ಲ :)

ಸರಿ ಅಂದ್ರೆ ಏನು ಅಂತ ಬರೆಯೋದೂ ಸುಲಭ ಇರಲಿಲ್ಲ. ಲೈಟ್ ಹೋದ ಮೇಲೆ ಇಂಥದ್ದೇ ಇರಬೇಕು ಅನ್ನೋಕಾಗಲ್ಲ, ಒಂದಕ್ಕಿಂತ ಹೆಚ್ಚು ಉತ್ತರ ಸರಿ. ಕಚ್ಚಾ ಇಲ್ಲವೇ ಪಕ್ಕಾ, ಎರಡರಲ್ಲಿ ಒಂದು ಪೂರ್ತಿ ಇರಬೇಕು. 'ಮುಗೀತು' ಅಂತ ತೋರಿಸಿದ ಮೇಲಾದರೆ ಪಕ್ಕಾನೇ ಇರಬೇಕು. ಈ ಎರಡು ವಾಕ್ಯ ಒಂದೇ ಕಡೆ ಬರೆದಿಟ್ಟೆ, ಉಳಿದ ಟೆಸ್ಟೆಲ್ಲ ಅದನ್ನೇ ಕರೆಯುತ್ತವೆ. ಪ್ರೋಗ್ರಾಮಿನ ದುರಸ್ತಿ ಆರೇ ಸಾಲು: ಬರಿ, ಎಫ್‌ಸಿಂಕ್ ಮಾಡು, ಹೆಸರು ಬದಲಿಸು, ಡೈರೆಕ್ಟರಿಯನ್ನೂ ಎಫ್‌ಸಿಂಕ್ ಮಾಡು, ಆಮೇಲೆ ಕಚ್ಚಾ ಅಳಿಸು, ಆಮೇಲೇ 'ಮುಗೀತು' ಅನ್ನು. ಈ ಸಲ ದುರಸ್ತಿ ತೆಗೆದು ಟೆಸ್ಟ್ ಫೇಲ್ ಆಗುತ್ತಾ ನೋಡಿ, ಆಮೇಲೇ ನಂಬಿದ್ದು.

ನಾನೊಬ್ಬನೇ ದಡ್ಡ ಅಲ್ಲ ಅನ್ನೋ ಸಮಾಧಾನವೂ ಸಿಕ್ತು. 2018ರಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಜಯಶ್ರೀ ಮೋಹನ್, ವಿಜಯ್ ಚಿದಂಬರಂ ಮತ್ತು ಜೊತೆಯವರು ಕ್ರ್ಯಾಶ್‌ಮಂಕಿ ಬಳಸಿ ಚಿಕ್ಕ ಚಿಕ್ಕ ಕೆಲಸಗಳನ್ನ ಒಂದೂ ಬಿಡದೆ ಮಾಡಿಸಿ ನೋಡಿದ್ರು. ಪಳಗಿದ ಲಿನಕ್ಸ್ ಫೈಲ್‌ಸಿಸ್ಟಮ್ಮುಗಳಲ್ಲೇ 10 ಹೊಸ ತಪ್ಪು ಸಿಕ್ಕವು, ಅದರಲ್ಲಿ 7 ತಪ್ಪು 2014ರಿಂದ ಅಲ್ಲೇ ಕೂತಿದ್ದವು.

ಆದ್ರೆ ಫ್ಲೇಕಿ ಎಷ್ಟಾದ್ರೂ ಸುಳ್ಳು ಡಿಸ್ಕು. 'ಬರೆದೆ' ಅಂತ ನಿಜವಾದ ಡಿಸ್ಕೇ ಸುಳ್ಳು ಹೇಳಿದ್ರೆ ಅದಕ್ಕೆ ಗೊತ್ತಾಗಲ್ಲ. ಹಾಗಾಗಿ ರಾಣಿ ಚನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋದೆ. ಕಾಕಾನ್ನ ಮೇನ್ ಸ್ವಿಚ್ ಹತ್ತಿರ ನಿಲ್ಲಿಸಿ, 'ಮುಗೀತು' ಬಂದ ಕೂಡಲೇ ಆಫ್ ಮಾಡ್ರಿ ಅಂದೆ. ಇಪ್ಪತ್ತು ಸಲ. ಇಪ್ಪತ್ತೂ ಸಲ ಅಂಕಿ ಇತ್ತು.

"ಸಾಕ ಬಿಡೋ ತಮ್ಮಾ, ಇದ್ದ ಬಲ್ಬೂ ಹೊಕ್ಕಾವು" ಅಂದರು ಕಾಕಾ. ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿಸಿ ಬಂದೆ. ವಹಿ ಮಾತ್ರ ಈಗಲೂ ಬರೀತಾರೆ. ಆಯಿ ಇನ್ನೂ ವಾಪಸ್ ಬಂದಿಲ್ಲ.