ಹೆದರುವ ಜಟ್ಟಿಗಳು

ಉತ್ತರನ ಪೌರುಷ ಒಲೆ ಮುಂದೆ ಎಂಬ ಗಾದೆ ಕಟ್ಟಿ ವಿರಾಟನ ಮಗನಿಗೆ ನಾವು ಅನ್ಯಾಯ ಮಾಡಿದ್ದೇವೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಅಂತಃಪುರದ ಹೆಂಗಸರ ಮುಂದೆ ಕೊಚ್ಚಿಕೊಂಡ, ನಿಜ. ಕೌರವ ಸೇನೆ ಕಣ್ಣಿಗೆ ಬಿದ್ದದ್ದೇ ರಥದಿಂದ ಧುಮುಕಿ ಓಡಿದ, ಅದೂ ನಿಜ. ಬೃಹನ್ನಳೆಯ ವೇಷದಲ್ಲಿದ್ದ ಅರ್ಜುನ ಅಟ್ಟಿಸಿಕೊಂಡು ಹೋಗಿ ಹಿಡಿದು ತಂದು ಸಾರಥಿ ಮಾಡಿದ. ಯಕ್ಷಗಾನ ನೋಡುವ ನಾವು ಅಲ್ಲಿಗೆ ನಕ್ಕು ಎದ್ದುಬಿಡುತ್ತೇವೆ. ಅದೇ ಉತ್ತರ ಮುಂದೆ ಕುರುಕ್ಷೇತ್ರಕ್ಕೆ ಹೋದ, ಯುದ್ಧದ ಮೊದಲ ದಿನವೇ ಶಲ್ಯನಿಗೆ ಎದುರು ನಿಂತು ಕಾದಾಡಿ ಸತ್ತ ಎಂಬುದು ಎಷ್ಟು ಜನಕ್ಕೆ ನೆನಪಿದೆ? ಒಮ್ಮೆ ಓಡಿದವನು ಎರಡನೇ ಸಲ ನಿಂತ. ನನ್ನ ಲೆಕ್ಕದಲ್ಲಿ ಅದು ಅಭಿಮನ್ಯುವಿನ ಧೈರ್ಯಕ್ಕಿಂತ ಕಡಿಮೆಯದಲ್ಲ.

ಎಂಎಂಎ ಪಂದ್ಯಗಳನ್ನು ನೋಡುವಾಗ ನನಗೆ ನೆನಪಾಗುವುದು ಈ ಉತ್ತರನೇ. ಮಿಕ್ಸ್‌ಡ್ ಮಾರ್ಷಲ್ ಆರ್ಟ್ಸ್ ಎಂದರೆ ಗುದ್ದು, ಒದೆ, ಕುಸ್ತಿ, ನೆಲಕ್ಕೆ ಕೆಡವಿ ಕೈಕಾಲು ತಿರುಚುವ ಜುಜುತ್ಸು, ಎಲ್ಲವೂ ಒಂದೇ ಪಂದ್ಯದಲ್ಲಿ. ಸುತ್ತಿಗೆ ಐದು ನಿಮಿಷ. ಸಾಮಾನ್ಯ ಪಂದ್ಯಕ್ಕೆ ಮೂರು ಸುತ್ತು, ಪಟ್ಟದ ಪಂದ್ಯಕ್ಕೆ ಐದು. ಟೀವಿಯಲ್ಲಿ ಇದು ಬಂದರೆ ಮನೆಯ ಹಿರಿಯರು ‘ಥೂ, ಏನಿದು ಮೃಗಗಳ ಹಾಗೆ, ಆರಿಸು’ ಎನ್ನುತ್ತಾರೆ. ರಕ್ತ ಕಂಡರೆ ಯಾರಿಗಾದರೂ ಹಾಗನ್ನಿಸುವುದು ಸಹಜ, ಅವರ ಮೇಲೆ ನನಗೆ ಸಿಟ್ಟಿಲ್ಲ. ಪಂದ್ಯ ನಡೆಯುವ ಬಲೆಯ ಅಂಕಣದೊಳಕ್ಕೆ ಹೋಗುವವರು ಹೆದರಿಕೆಯೇ ಗೊತ್ತಿಲ್ಲದ ಒರಟರು ಎಂದುಕೊಂಡರೆ ಮಾತ್ರ ಅವರನ್ನು ಒಂದಿಷ್ಟೂ ಅರ್ಥಮಾಡಿಕೊಂಡಂತಾಗಲಿಲ್ಲ.

ಕೆನಡಾದ ಕ್ವಿಬೆಕ್ ಪ್ರಾಂತ್ಯದ ಜಾರ್ಜ್ ಸೇಂಟ್ ಪಿಯರ್ ಅವರನ್ನೇ ನೋಡಿ. ಅಭಿಮಾನಿಗಳಿಗೆ ಅವರು ಜಿಎಸ್‌ಪಿ. ಶಾಲೆಯಲ್ಲಿ ದೊಡ್ಡ ಹುಡುಗರಿಂದ ಹೊಡೆತ ತಿಂದು, ಊಟದ ದುಡ್ಡನ್ನು ಅವರ ಕೈಗೆ ಕಳೆದುಕೊಂಡು ಬೆಳೆದ ಹುಡುಗ. ಅದಕ್ಕೇ ಕರಾಟೆ ಕಲಿತದ್ದು. ಹರೆಯದಲ್ಲಿ ಹೊಟ್ಟೆಪಾಡಿಗೆ ಕಸದ ಗಾಡಿಯ ಹಿಂದೆ ದುಡಿದರು, ಬಾರಿನ ಬಾಗಿಲು ಕಾದರು. 2004ರ ಅಕ್ಟೋಬರ್‌ನಲ್ಲಿ, 23ನೇ ವಯಸ್ಸಿಗೆ, ಅಟ್ಲಾಂಟಿಕ್ ಸಿಟಿಯಲ್ಲಿ, ಎಂಎಂಎ ಪಂದ್ಯಗಳನ್ನು ನಡೆಸುವ ಯುಎಫ್‌ಸಿ ಸಂಸ್ಥೆಯ ಪಟ್ಟಕ್ಕಾಗಿ ಮ್ಯಾಟ್ ಹ್ಯೂಸ್ ಜೊತೆ ಪಂದ್ಯ ಸಿಕ್ಕಿತು. ಜಿಎಸ್‌ಪಿಗೆ ಹ್ಯೂಸ್ ಆರಾಧ್ಯ ದೈವ. ಪಂದ್ಯಕ್ಕೆ ಮೊದಲು ಎದುರುಬದುರು ನಿಂತಾಗ ಅವನ ಕಣ್ಣಲ್ಲಿ ಕಣ್ಣಿಟ್ಟು ನೋಡಲು ತನ್ನಿಂದ ಆಗಲಿಲ್ಲ ಎಂದು ಜಿಎಸ್‌ಪಿಯೇ ಆಮೇಲೆ ಹೇಳಿಕೊಂಡಿದ್ದಾರೆ. ಆಟದಲ್ಲೇನೂ ಕಡಿಮೆ ಇರಲಿಲ್ಲ. ಸುತ್ತಿನ ಕೊನೆಗೆ ಹ್ಯೂಸ್ ಜಿಎಸ್‌ಪಿಯ ತೋಳನ್ನು ತೊಡೆಗಳ ನಡುವೆ ಸಿಕ್ಕಿಸಿ ಮೊಣಕೈಯನ್ನು ಉಲ್ಟಾ ಬಗ್ಗಿಸಿದ. ಆರ್ಮ್‌ಬಾರ್ ಎನ್ನುವ ಪಟ್ಟು ಅದು. ಜಿಎಸ್‌ಪಿ ತಟ್ಟಿ ಸೋಲೊಪ್ಪಿದರು. ಆಗ ಗಡಿಯಾರದಲ್ಲಿ 4 ನಿಮಿಷ 59 ಸೆಕೆಂಡ್. ಇನ್ನೊಂದು ಸೆಕೆಂಡ್ ತಡೆದಿದ್ದರೆ ಸುತ್ತು ಮುಗಿಯುತ್ತಿತ್ತು.

ತಟ್ಟುವುದು ಎಂದೆ. ಅದರ ಬಗ್ಗೆ ನಾಲ್ಕು ಮಾತು ಹೇಳದೆ ಮುಂದೆ ಹೋಗಲಾರೆ. ಮೈಸೂರು ಅರಮನೆಯ ಅಂಗಳದಲ್ಲಿ ವಿಜಯದಶಮಿಯ ದಿನ ನಡೆಯುವ ವಜ್ರಮುಷ್ಟಿ ಕಾಳಗವನ್ನು ನೀವು ನೋಡಿರಬಹುದು ಅಥವಾ ಕೇಳಿರಬಹುದು. ತಲೆ ಬೋಳಿಸಿಕೊಂಡ ಜಟ್ಟಿಗಳು ಬೆರಳಿಗೆ ವಜ್ರನಖ ತೊಟ್ಟು ಇಳಿಯುತ್ತಾರೆ. ಒಬ್ಬನ ತಲೆಯಿಂದ ಒಂದು ಹನಿ ರಕ್ತ ಚಿಮ್ಮಿದರೆ ಕಾಳಗ ಮುಗಿಯಿತು. ಅಲ್ಲಿ ತೀರ್ಪು ಕೊಡುವುದು ರಕ್ತ. ಎಂಎಂಎಯಲ್ಲಿ ರೆಫರಿ ಇದ್ದಾನೆ, ತೀರ್ಪುಗಾರರಿದ್ದಾರೆ. ಆದರೂ ಪಟ್ಟಿಗೆ ಸಿಕ್ಕ ಆಟಗಾರ ಎದುರಾಳಿಯ ಮೈಯನ್ನೋ ನೆಲವನ್ನೋ ಅಂಗೈಯಿಂದ ತಟ್ಟಿದರೆ ಅಲ್ಲಿಗೆ ಎಲ್ಲವೂ ನಿಂತಿತು. ‘ಸಾಕು, ಸೋತೆ’ ಎಂದು ತಾನೇ ಹೇಳಬೇಕು. ತಾಲೀಮಿನಲ್ಲಂತೂ ದಿನಕ್ಕೆ ಎಷ್ಟು ಸಲ ತಟ್ಟುತ್ತಾರೋ ಲೆಕ್ಕವಿಲ್ಲ. ತಟ್ಟಿದ ಕ್ಷಣ ಎದುರಿನವನು ಬಿಡುತ್ತಾನೆ, ಇಬ್ಬರೂ ಕೈ ಕುಲುಕಿ ಮತ್ತೆ ಶುರುಮಾಡುತ್ತಾರೆ. ದಿನಾ ಸೋತು ದಿನಾ ಎದ್ದವರಿಗೆ ಸೋಲಿನ ಅವಮಾನ ಸವೆದುಹೋಗಿ ಸೋಲಿನ ಪಾಠ ಮಾತ್ರ ಉಳಿಯುತ್ತದೆ. ಬೇರೆ ಯಾವ ಆಟದಲ್ಲಿ ಇಷ್ಟು ಪ್ರಾಮಾಣಿಕತೆಯಿದೆ ಎಂದು ಹುಡುಕಿ ನೋಡಿದ್ದೇನೆ, ನನಗಂತೂ ಸಿಕ್ಕಿಲ್ಲ.

ಜಿಎಸ್‌ಪಿ ಕಥೆಗೆ ಬರೋಣ. 2006ರಲ್ಲಿ ಅದೇ ಹ್ಯೂಸ್‌ನನ್ನು ಸೋಲಿಸಿ ಪಟ್ಟಕ್ಕೇರಿದರು. 2007ರ ಏಪ್ರಿಲ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಮ್ಯಾಟ್ ಸೆರಾ ಎಂಬ, ಗೆಲ್ಲುತ್ತಾನೆಂದು ಯಾರೂ ಎಣಿಸಿರದ ಆಟಗಾರ ಮೊದಲ ಸುತ್ತಿನಲ್ಲೇ ಗುದ್ದಿ ಕೆಡವಿದ. ಆ ಸೋಲು ತಲೆಯೊಳಗೆ ಕೂತುಬಿಟ್ಟಿತು. ಆಗ ಮನಸ್ಸಿನ ತರಬೇತುದಾರರೊಬ್ಬರು ಕೊಟ್ಟ ಉಪಾಯ ನನಗೆ ಬಹಳ ಇಷ್ಟ: ಒಂದು ಇಟ್ಟಿಗೆಯ ಮೇಲೆ ಸೆರಾ ಹೆಸರು ಬರೆದು ಹೊತ್ತು ತಿರುಗು, ಹೊರೆ ಸಾಕೆನಿಸಿದ ದಿನ ನದಿಗೆ ಎಸೆ. ಜಿಎಸ್‌ಪಿ ಹಾಗೇ ಮಾಡಿದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಹ್ಯೂಸ್ ಮೂರನೇ ಸಲ ಎದುರಾದ. ಈ ಸಲ ಜಿಎಸ್‌ಪಿ ಅವನನ್ನು ಸೋಲಿಸಿದ್ದು ಆರ್ಮ್‌ಬಾರ್ ಹಾಕಿ! ತನ್ನ ತೋಳು ಸಿಕ್ಕಿಸಿ ಸೋಲಿಸಿದವನನ್ನು ಅದೇ ಪಟ್ಟಿನಲ್ಲಿ. 2008ರ ಏಪ್ರಿಲ್‌ನಲ್ಲಿ ಮಾಂಟ್ರಿಯಲ್‌ನ ತವರು ಜನರ ಮುಂದೆ ಸೆರಾನನ್ನೂ ಸೋಲಿಸಿದರು. ಆಮೇಲೆ ನಿವೃತ್ತಿಯವರೆಗೆ ಸೋಲಲೇ ಇಲ್ಲ. 26 ಗೆಲುವು, 2 ಸೋಲು.

ಇಷ್ಟು ಗೆದ್ದ ಮನುಷ್ಯ ಹೇಳುವುದೇನು? ಕಾದಾಟ ನನಗೆ ಇಷ್ಟವಿಲ್ಲ, ಪ್ರತಿ ಪಂದ್ಯಕ್ಕೂ ಮುಂಚೆ ಭಯವಾಗುತ್ತಿತ್ತು ಎಂದು. ಸುಳ್ಳು ವಿನಯವಲ್ಲ ಅದು. ಅಂಥ ಒತ್ತಡ ಸಾಕಾಗಿ 2013ರಲ್ಲಿ ಪಟ್ಟ ಬಿಟ್ಟು ಹೊರಟುಹೋದರು. ನಾಲ್ಕು ವರ್ಷದ ನಂತರ ಬಂದು ಮೇಲಿನ ತೂಕದ ಪಟ್ಟವನ್ನು ನ್ಯೂಯಾರ್ಕ್‌ನಲ್ಲಿ ಗೆದ್ದರು. ಭಯವನ್ನು ಕಳೆದುಕೊಂಡು ಬಂದವರಲ್ಲ, ಅದನ್ನೇ ತಾಲೀಮಿಗೆ ದುಡಿಸಿಕೊಂಡವರು. ಎದುರಾಳಿ ಏನೆಲ್ಲ ಮಾಡಬಹುದು ಎಂದು ಭಯಪಟ್ಟವನೇ ಅಷ್ಟಕ್ಕೂ ಉತ್ತರ ಹುಡುಕಿಟ್ಟುಕೊಳ್ಳುತ್ತಾನೆ.

ಇನ್ನು ಛಲದ ಮಾತು. ಫ್ರಾನ್ಸಿಸ್ ಎಂಗಾನು ಹುಟ್ಟಿದ್ದು ಕ್ಯಾಮರೂನ್‌ನ ಬಾಟಿಯೆಯಲ್ಲಿ. ಚಿಕ್ಕ ಹುಡುಗನಾಗಿದ್ದಾಗಲೇ ಮರಳಿನ ಕ್ವಾರಿಯಲ್ಲಿ ಸಲಿಕೆ ಹಿಡಿದ ಕೂಲಿ. ಕನಸು ಮಾತ್ರ ಬಾಕ್ಸರ್ ಮೈಕ್ ಟೈಸನ್ ಆಗುವುದು. 2012ರಲ್ಲಿ ಊರು ಬಿಟ್ಟು ಸಹಾರಾ ಮರುಭೂಮಿ ದಾಟಿ ಮೊರಾಕ್ಕೊ ಸೇರಿದರು. ಸಮುದ್ರ ದಾಟಲು ಹೋಗಿ ಮತ್ತೆ ಮತ್ತೆ ಸಿಕ್ಕಿಬಿದ್ದರು. ಕೊನೆಗೆ ಸ್ಪೇನ್ ಮುಟ್ಟಿದರೆ ಅಲ್ಲಿ ಎರಡು ತಿಂಗಳು ಬಂಧನ. 2013ರಲ್ಲಿ ಪ್ಯಾರಿಸ್‌ಗೆ ಬಂದಾಗ ಮಲಗಲು ಸಿಕ್ಕಿದ್ದು ಗಾಡಿ ನಿಲ್ಲಿಸುವ ಜಾಗ. ಬಾಕ್ಸಿಂಗ್ ಕಲಿಯಬೇಕೆಂದು ಹೋದವರಿಗೆ ಎಂಎಂಎ ಎಂದರೇನು ಎಂಬುದೂ ಗೊತ್ತಿರಲಿಲ್ಲ. 2015ರ ಡಿಸೆಂಬರ್‌ಗೆ ಯುಎಫ್‌ಸಿಯಲ್ಲಿದ್ದರು.

ಇಂಥ ಮನುಷ್ಯನಿಗೆ ಇನ್ನು ಯಾವುದರ ಹೆದರಿಕೆ ಎನ್ನುತ್ತೀರಿ. ಆದರೆ 2018ರ ಜನವರಿಯ ಪಟ್ಟದ ಪಂದ್ಯದಲ್ಲಿ ಸ್ಟೀಪೆ ಮಿಯೋಚಿಚ್ 25 ನಿಮಿಷವೂ ಆಟವಾಡಿಸಿ ಸೋಲಿಸಿದ. ಜುಲೈನಲ್ಲಿ ಡೆರಿಕ್ ಲೂಯಿಸ್ ವಿರುದ್ಧ ಇಳಿದ ಎಂಗಾನು ಕೈ ಎತ್ತಲೇ ಹಿಂಜರಿದರು. ಮೂರು ಸುತ್ತು ಇಬ್ಬರೂ ಮುಖ ಮುಖ ನೋಡಿಕೊಂಡದ್ದೇ ಹೆಚ್ಚು. ಜನ ಕೂಗಿ ಹಂಗಿಸಿದರು. ಹಿಂದಿನ ಪಂದ್ಯದ ಭಯವನ್ನು ಈ ಪಂದ್ಯಕ್ಕೂ ಹೊತ್ತು ತಂದೆ ಎಂದು ಎಂಗಾನು ಬಾಯಿಬಿಟ್ಟು ಹೇಳಿಕೊಂಡರು. ಮರುಭೂಮಿ ದಾಟಿದವನೂ ಉತ್ತರನಾದ ಗಳಿಗೆ ಅದು. 2021ರ ಮಾರ್ಚ್‌ನಲ್ಲಿ ಅದೇ ಮಿಯೋಚಿಚ್‌ನನ್ನು ಎರಡನೇ ಸುತ್ತಿನಲ್ಲಿ ಕೆಡವಿ ಪಟ್ಟ ಗೆದ್ದರು. 2023ರಲ್ಲಿ, ಬಾಲ್ಯದ ಆಸೆಯಂತೆ ಬಾಕ್ಸಿಂಗ್ ಕಣಕ್ಕೇ ಇಳಿದು ಟೈಸನ್ ಫ್ಯೂರಿಯನ್ನು ಮೂರನೇ ಸುತ್ತಿನಲ್ಲಿ ನೆಲಕ್ಕೆ ಬೀಳಿಸಿದರು. ಗೆಲುವು ಫ್ಯೂರಿಗೇ ಹೋಯಿತು, ಅದೂ ತೀರ್ಪುಗಾರರಲ್ಲಿ ಒಮ್ಮತವಿಲ್ಲದೆ.

ಈ ಛಲಕ್ಕೆ ಒಂದು ಕೆಟ್ಟ ಮುಖವೂ ಇದೆ. ತೂಕ ಇಳಿಸುವ ಚಾಳಿ. ಪಂದ್ಯದ ಹಿಂದಿನ ದಿನ ತೂಕ ನೋಡುವಾಗ ತಮ್ಮ ವರ್ಗದ ಮಿತಿಯೊಳಗಿರಬೇಕೆಂದು ಬಿಸಿನೀರಿನ ತೊಟ್ಟಿಯಲ್ಲಿ ಕೂತು, ಹಬೆಯಲ್ಲಿ ಬೆಂದು, ನೀರು ಕುಡಿಯದೆ ಮೈಯ ನೀರನ್ನೆಲ್ಲ ಹಿಂಡಿ ತೆಗೆಯುತ್ತಾರೆ. ಒಂದೂ ಪಂದ್ಯ ಸೋಲದೆ ನಿವೃತ್ತರಾದ ದಾಗೆಸ್ತಾನದ ಖಬೀಬ್ ನುರ್ಮಗೊಮೆದೊವ್ ಅಂಥವರೇ 2017ರಲ್ಲಿ ತೂಕ ಇಳಿಸಲು ಹೋಗಿ ಆಸ್ಪತ್ರೆ ಸೇರಿದರು, ಪಂದ್ಯವೇ ರದ್ದಾಯಿತು. ಇದನ್ನು ಸಾಧನೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಮ್ಮ ದೇಶದ ಪೂಜಾ ತೋಮರ್ 2024ರ ಜೂನ್‌ನಲ್ಲಿ ಅಮೆರಿಕದ ಲೂಯಿವಿಲ್‌ನಲ್ಲಿ ಗೆದ್ದು, ಯುಎಫ್‌ಸಿಯಲ್ಲಿ ಪಂದ್ಯ ಗೆದ್ದ ಮೊದಲ ಭಾರತೀಯ ಮಹಿಳೆಯಾದರು. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯವರು, ಮೊದಲು ವುಶು ಎಂಬ ಚೀನೀ ಸಮರಕಲೆ ಆಡುತ್ತಿದ್ದವರು. ಅವರನ್ನು ನೋಡಿ ನಮ್ಮೂರುಗಳ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಕಲಿಯುತ್ತೇವೆ ಎಂದು ಹಟ ಹಿಡಿದರೆ ಬೇಡ ಎನ್ನಬೇಡಿ. ಸೇರಿಸುವ ಮೊದಲು ಒಂದು ಸಂಜೆ ತಾಲೀಮಿನ ಜಾಗಕ್ಕೆ ಹೋಗಿ ಮೂಲೆಯಲ್ಲಿ ಕೂತು ನೋಡಿ. ಮಗು ತಟ್ಟಿದ ತಕ್ಷಣ ಎದುರಿನವರು ಬಿಡುತ್ತಾರೆಯೇ? ‘ಭಯವಾಗುತ್ತೆ ಸರ್’ ಎಂದ ಮಗುವನ್ನು ಗುರು ಗದರದೆ ಕೂರಿಸಿಕೊಂಡು ಕೇಳುತ್ತಾರೆಯೇ? ಎರಡಕ್ಕೂ ಹೌದು ಎಂದಾದರೆ ಕಣ್ಣುಮುಚ್ಚಿ ಸೇರಿಸಿ. ಇಲ್ಲವೆಂದಾದರೆ ಬೇರೆ ಗರಡಿ ಹುಡುಕಿ.