ಗಿರವಿ ಬಟ್ಟೆಯ ಮೇಲೆ ಕೂತ ಭಕ್ತರು

1960ರಲ್ಲಿ ಇಸ್ರೇಲಿನ ಕರಾವಳಿಯಲ್ಲಿ, ಯಾವ್ನೆ-ಯಾಮ್ ಅನ್ನೋ ಜಾಗದ ಹತ್ತಿರ ಒಂದು ಹಳೇ ಕೋಟೆಯನ್ನು ಅಗೆಯುವಾಗ ಬರಹವಿದ್ದ ಮಡಕೆ ಚೂರುಗಳು ಸಿಕ್ಕವು. ಕ್ರಿ.ಪೂ. 7ನೇ ಶತಮಾನದ ಕೊನೆಯ ಭಾಗದವು. ಭಾಷೆ ಹೀಬ್ರೂ. ಆ ಕಾಲದಲ್ಲಿ ಒಡೆದ ಮಡಕೆಯೇ ಬಡವರ ಕಾಗದ. ಅವುಗಳಲ್ಲಿ ಒಂದು ಚೂರಿನ ಮೇಲೆ ಇರೋದು ಪೈರು ಕೊಯ್ಯುವ ಒಬ್ಬ ಕೂಲಿ ಕೋಟೆಯ ಅಧಿಕಾರಿಗೆ ಕೊಟ್ಟ ಅರ್ಜಿ. ಅವನೇ ಬರೆದಿರಲಿಕ್ಕಿಲ್ಲ. ನಮ್ಮ ತಾಲ್ಲೂಕು ಕಚೇರಿ ಎದುರು ಅರ್ಜಿ ಬರೆದುಕೊಡೋರು ಕೂತಿರ್ತಾರಲ್ಲ, ಅಂಥ ಯಾರದೋ ಹತ್ತಿರ ಬಾಯಲ್ಲಿ ಹೇಳಿ ಬರೆಸಿರಬೇಕು. ಯಾಕಂದ್ರೆ ವಾಕ್ಯಗಳು ತಡವರಿಸುತ್ತವೆ, ಹೇಳಿದ್ದನ್ನೇ ಇನ್ನೊಂದು ಸಲ ಹೇಳುತ್ತವೆ.

ಅವನು ಹೇಳೋದಿಷ್ಟು. ನನಗೆ ಹಚ್ಚಿದಷ್ಟು ಕೊಯ್ಲು ಮುಗಿಸಿದ್ದೆ, ಕಾಳು ಒಳಗೆ ಹಾಕಿದ್ದೆ. ಆಮೇಲೆ ಶೋಬೈಯ ಮಗ ಹೋಶಯಾಹು ಬಂದು ನನ್ನ ಬಟ್ಟೆ ಎತ್ತಿಕೊಂಡು ಹೋದ. ನನ್ನ ಜೊತೆ ಆ ಬಿಸಿಲಲ್ಲಿ ಕೊಯ್ದವರೆಲ್ಲ ಸಾಕ್ಷಿ ಹೇಳ್ತಾರೆ. ನನ್ನ ತಪ್ಪಿಲ್ಲ. ಬಟ್ಟೆ ವಾಪಸ್ ಕೊಡಿಸಿ.

ನನ್ನ ವೃತ್ತಿಯಲ್ಲಿ ದಿನಾ ಬೆಳಗ್ಗೆ ಎದ್ದು ದೂರು ಓದೋದೇ ಕೆಲಸ. ಟಿಕೆಟ್ ಅಂತೀವಿ. ಏನು ನಡೆಯಿತು, ಯಾವಾಗ, ಯಾರು ನೋಡಿದ್ದಾರೆ, ಏನು ಸರಿಯಾಗಬೇಕು, ಇಷ್ಟು ಇದ್ದರೆ ಅದು ಒಳ್ಳೇ ಟಿಕೆಟ್. ಇಂಗ್ಲಿಷ್ ಚೆನ್ನಾಗಿ ಬರುವ ಗ್ರಾಹಕರೇ ಇದರಲ್ಲಿ ಅರ್ಧ ಬಿಟ್ಟು ಕಳಿಸ್ತಾರೆ. 2600 ವರ್ಷದ ಹಿಂದಿನ ಈ ಕೂಲಿ ಒಂದನ್ನೂ ಬಿಟ್ಟಿಲ್ಲ. ಅವನು ಬಿಟ್ಟಿರೋದು ತನ್ನ ಹೆಸರನ್ನು ಮಾತ್ರ. ಬಟ್ಟೆ ಕಸಿದವನ ಹೆಸರು ಉಳಿಯಿತು, ಕಳಕೊಂಡವನ ಹೆಸರು ಇಲ್ಲ. ಇನ್ನೊಂದು ವಿಷಯ: ಹೋಶಯಾಹು ಎಂಬ ಹೆಸರಿನ ಕೊನೆಯಲ್ಲಿರುವ ‘ಯಾಹು’ ಅವರ ದೇವರ ಹೆಸರು. ದೇವರು ಕಾಪಾಡಿದ ಅಂತ ಆ ಹೆಸರಿನ ಅರ್ಥ.

ಒಂದು ಬಟ್ಟೆಗೆ ಇಷ್ಟು ರಂಪ ಯಾಕೆ ಅನ್ನಿಸಬಹುದು. ಆ ನಾಡಿನ ಬಡವನಿಗೆ ಹಗಲು ಮೈಮೇಲೆ ಇರೋದೇ ರಾತ್ರಿ ಹೊದಿಕೆ. ಕುರಿ ಕಾಯೋನ ಹೆಗಲ ಮೇಲಿನ ಕಂಬಳಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಳೆಗೂ ಅದೇ, ಚಳಿಗೂ ಅದೇ, ಹಾಸೋಕೂ ಅದೇ. ಸಾಲ ಬೇಕಾದಾಗ ಗಿರವಿ ಇಡೋಕೆ ಅವನ ಹತ್ತಿರ ಬೇರೆ ಏನೂ ಇರ್ತಿರಲಿಲ್ಲ. ಆದ್ದರಿಂದಲೇ ಅವರ ಧರ್ಮಶಾಸ್ತ್ರದಲ್ಲಿ ಒಂದು ಕಟ್ಟಳೆ ಇತ್ತು. ಬಡವನ ಹೊದಿಕೆಯನ್ನು ಒತ್ತೆ ಇಟ್ಟುಕೊಂಡರೆ ಹೊತ್ತು ಮುಳುಗೋ ಮೊದಲು ಹಿಂದಿರುಗಿಸಬೇಕು. ಕಾರಣವನ್ನೂ ಅಲ್ಲೇ ಕೊಟ್ಟಿದೆ: ಇಲ್ಲದಿದ್ದರೆ ಅವನು ಏನು ಹೊದ್ದು ಮಲಗಬೇಕು? ಕಾನೂನಿನ ಪುಸ್ತಕ ಪ್ರಶ್ನೆ ಕೇಳೋದು ಅಪರೂಪ.

ಬಿ.ಇ. ಓದುವಾಗ ಹಾಸ್ಟೆಲ್ಲಿನ ರೂಮ್‌ಮೇಟ್ ಹತ್ತಿರ ಕನ್ನಡದ ಸತ್ಯವೇದ ಇತ್ತು. ನಾನು ಆ ಧರ್ಮದವನಲ್ಲ. ಪರೀಕ್ಷೆಗೆ ಮುಂಚಿನ ರಾತ್ರಿಗಳಲ್ಲಿ ಸಿಲಬಸ್ಸಿನಲ್ಲಿ ಇಲ್ಲದ ಯಾವ ಪುಸ್ತಕವಾದರೂ ರುಚಿಸತ್ತಲ್ಲ, ಹಾಗೆ ತಿರುವಿ ಹಾಕ್ತಾ ಆಮೋಸ ಅನ್ನೋ ಪ್ರವಾದಿ ಸಿಕ್ಕ. ಒಂಬತ್ತೇ ಅಧ್ಯಾಯ. ಓದಿ ಮುಗಿಸಿದೆ. ನಮ್ಮೂರ ಅರಳಿಕಟ್ಟೆ ಮೇಲೆ ಕೂತು ಬಯ್ಯೋ ಯಾರನ್ನೋ ಕೇಳಿದ ಹಾಗಿತ್ತು.

ಆಮೋಸ ಆ ಕೂಲಿಗಿಂತ ನೂರು ವರ್ಷಕ್ಕೂ ಹಿಂದಿನವನು, ಕ್ರಿ.ಪೂ. 8ನೇ ಶತಮಾನದ ನಡುವಿನವನು. ಬೆತ್ಲೆಹೇಮಿನ ದಕ್ಷಿಣಕ್ಕಿರುವ ತೆಕೋವ ಎಂಬ ಊರು. ಕುರಿ ಸಾಕಣೆ, ಜೊತೆಗೆ ಅತ್ತಿ ಹಣ್ಣಿನ ಕೆಲಸ. ಅಲ್ಲಿನ ಅತ್ತಿ ನಮ್ಮ ಅತ್ತಿಯ ದಾಯಾದಿ. ಕಾಯಿ ಇದ್ದಾಗಲೇ ಒಂದೊಂದನ್ನೂ ಚಾಕುವಿನಿಂದ ಗೀರಬೇಕು, ಆಗಲೇ ಅದು ಸರಿಯಾಗಿ ಹಣ್ಣಾಗೋದು. ಮರ ಹತ್ತಿ, ಕೊಂಬೆ ಹಿಡಿದು, ಸಾವಿರಾರು ಕಾಯಿಗೆ ಒಂದೊಂದು ಗೀರು. ಅವನ ಮಾತಿನ ಶೈಲಿಯೂ ಅದೇ ಅಂತ ನನ್ನ ಅನುಮಾನ.

ಆಗ ಯೆಹೂದ್ಯರ ನಾಡು ಎರಡು ರಾಜ್ಯವಾಗಿತ್ತು. ದಕ್ಷಿಣದಲ್ಲಿ ಯೆಹೂದ, ಉತ್ತರದಲ್ಲಿ ಇಸ್ರೇಲ್. ಆಮೋಸ ದಕ್ಷಿಣದವನು, ಮಾತಾಡೋಕೆ ಹೋಗಿದ್ದು ಉತ್ತರಕ್ಕೆ. ಅಲ್ಲಿ ಎರಡನೇ ಯಾರೊಬ್ಬಾಮನ ಆಳ್ವಿಕೆ, ಗಡಿ ಹಿಗ್ಗಿತ್ತು, ವ್ಯಾಪಾರ ಜೋರಾಗಿತ್ತು. ಇದು ಬರೀ ಕಥೆ ಅಲ್ಲ. ರಾಜಧಾನಿ ಸಮಾರ್ಯದಲ್ಲಿ 1910ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದವರು ಅಗೆದಾಗಲೂ ಮಡಕೆ ಚೂರುಗಳು ಸಿಕ್ಕಿದ್ದವು. ಅವು ಅರಮನೆಯ ಲೆಕ್ಕ: ರಾಜನ ಎಷ್ಟನೇ ವರ್ಷ, ಯಾವ ಊರಿಂದ, ಯಾರಿಗೆ, ಎಷ್ಟು ಜಾಡಿ ಹಳೇ ದ್ರಾಕ್ಷಾರಸ, ಎಷ್ಟು ಜಾಡಿ ಒಳ್ಳೇ ಎಣ್ಣೆ. 1930ರ ದಶಕದ ಉತ್ಖನನದಲ್ಲಿ ಪೀಠೋಪಕರಣಕ್ಕೆ ಕೂರಿಸುತ್ತಿದ್ದ ದಂತದ ಕೆತ್ತನೆಗಳು ರಾಶಿ ಸಿಕ್ಕವು. ಆಮೋಸ ದಂತದ ಮಂಚಗಳ ಬಗ್ಗೆ ಸಿಡುಕಿದ್ದು ಸುಮ್ಮನೆ ಅಲ್ಲ. ಅದೇ ರಾಜ್ಯದ ತಿರ್ಚ ಅನ್ನೋ ಊರನ್ನು ಅಗೆದ ಫ್ರೆಂಚ್ ಪಾದ್ರಿ ರೊಲಾಂ ದ ವೋ ಇನ್ನೊಂದು ವಿಷಯ ಗಮನಿಸಿದ. ಕ್ರಿ.ಪೂ. 10ನೇ ಶತಮಾನದಲ್ಲಿ ಅಲ್ಲಿನ ಮನೆಗಳೆಲ್ಲ ಹೆಚ್ಚುಕಮ್ಮಿ ಒಂದೇ ಅಳತೆ. ಎರಡು ಶತಮಾನ ಕಳೆಯೋ ಹೊತ್ತಿಗೆ ಒಂದು ಕಡೆ ದೊಡ್ಡ ಮನೆಗಳ ಕೇರಿ, ಇನ್ನೊಂದು ಕಡೆ ಒತ್ತೊತ್ತಾಗಿ ಗುಡಿಸಲಿನಂಥವು. ಗೋಡೆಯ ಪಾಯವೇ ಸಾಕ್ಷಿ ಹೇಳ್ತಾ ಇದೆ.

ಆಮೋಸನ ಭಾಷಣದ ಜಾಣತನ ನೋಡಿ. ಶುರು ಮಾಡೋದು ಅಕ್ಕಪಕ್ಕದ ನಾಡುಗಳಿಂದ. ದಮಸ್ಕದವರು ಕ್ರೂರಿಗಳು, ಗಾಜಾದವರು ಜನರನ್ನು ಹಿಡಿದು ಮಾರಿದರು, ಅಮ್ಮೋನಿನವರು, ಮೋವಾಬಿನವರು, ಒಬ್ಬೊಬ್ಬರದೇ ಪಾಪದ ಪಟ್ಟಿ. ಕೇಳೋ ಜನಕ್ಕೆ ಖುಷಿಯೋ ಖುಷಿ. ಕೊನೆಗೆ ದಾಯಾದಿ ಯೆಹೂದಕ್ಕೂ ಬಿತ್ತು. ಚಪ್ಪಾಳೆ ಇನ್ನೂ ಜೋರಾಗಿರಬೇಕು. ಆಮೇಲೆ ಅದೇ ಧಾಟಿಯಲ್ಲಿ, ಉಸಿರೂ ಬಿಡದೆ, ಈಗ ನಿಮ್ಮ ಸರದಿ ಅಂತಾನೆ. ಒಂದು ಜೊತೆ ಕೆರದ ಬೆಲೆಗೆ ಬಡವನನ್ನು ಮಾರಿದ್ದೀರಿ. ಒತ್ತೆ ಇಟ್ಟುಕೊಂಡ ಹೊದಿಕೆಗಳನ್ನು ಬಲಿಪೀಠದ ಪಕ್ಕದಲ್ಲೇ ಹಾಸಿಕೊಂಡು ಒರಗಿದ್ದೀರಿ. ದಂಡ ಹಾಕಿ ಕಸಿದ ದ್ರಾಕ್ಷಾರಸವನ್ನು ದೇವರ ಮನೆಯಲ್ಲೇ ಕುಡೀತಿದ್ದೀರಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಇದು. ಹಗಲು ಸುಲಿಗೆ ಮಾಡಿ ಸಂಜೆ ಗುಡಿಗೆ ಹೋಗೋ ಮನುಷ್ಯ ನಮಗೆ ಗೊತ್ತು, ಎಲ್ಲ ಸಿನಿಮಾದಲ್ಲೂ ಇದ್ದಾನೆ. ಇಲ್ಲಿ ಹಗಲು, ಸಂಜೆ ಅಂತ ಬೇರೆ ಬೇರೆ ಇಲ್ಲ. ಕದ್ದ ಹೊದಿಕೆಯೇ ಪೂಜೆಯ ಹಾಸು. ಹೊರಗೆ ಯಾರೋ ಚಳಿಯಲ್ಲಿ ಮುದುರಿ ಮಲಗಿದ್ದಾನೆ, ಒಳಗೆ ಅವನ ಬಟ್ಟೆಯ ಮೇಲೆ ಕೂತು ಒಬ್ಬ ಭಕ್ತಿಯಿಂದ ಕಣ್ಣು ಮುಚ್ಚಿದ್ದಾನೆ. ಅವನ ಭಕ್ತಿ ನಾಟಕ ಅಂತ ಆಮೋಸ ಎಲ್ಲೂ ಹೇಳಲ್ಲ. ಬಹುಶಃ ಅದು ನಿಜವಾದದ್ದೇ. ಅದಕ್ಕೇ ಇನ್ನೂ ಭಯ ಆಗೋದು.

ವ್ಯಾಪಾರಿಗಳ ಮಾತಿಗೆ ಬಂದಾಗ ಆಮೋಸ ಇನ್ನೂ ವಿವರಕ್ಕಿಳಿಯುತ್ತಾನೆ. ಅವರು ಸಬ್ಬತ್ ದಿನ ತಪ್ಪದೆ ಅಂಗಡಿ ಮುಚ್ಚುತ್ತಾರೆ, ಅಮಾವಾಸ್ಯೆ ಕಳೆದ ಹಬ್ಬಕ್ಕೂ ಮುಚ್ಚುತ್ತಾರೆ. ಮುಚ್ಚಿಕೊಂಡು ಒಳಗೆ ಕೂತು, ಇದು ಯಾವಾಗ ಮುಗಿಯತ್ತಪ್ಪಾ, ಯಾವಾಗ ಗೋಧಿ ಮಾರೋದು ಅಂತ ಲೆಕ್ಕ ಹಾಕ್ತಾರೆ. ಕಾಳು ಅಳೆಯೋ ಏಫಾ ಚಿಕ್ಕದು ಮಾಡೋಣ, ಬೆಳ್ಳಿ ತೂಗೋ ಶೆಕೆಲ್ ದೊಡ್ಡದು ಮಾಡೋಣ, ಹೊಟ್ಟನ್ನೂ ಸೇರಿಸಿ ಮಾರೋಣ. ಇದಕ್ಕೆ ಸ್ವಲ್ಪ ವಿವರಣೆ ಬೇಕು. ಆಗ ನಾಣ್ಯ ಇರಲಿಲ್ಲ, ಶೆಕೆಲ್ ಅಂದ್ರೆ ಒಂದು ತೂಕ. ಯೆಹೂದದಲ್ಲಿ ಸಿಕ್ಕ, ಗುಮ್ಮಟದ ಹಾಗೆ ತಲೆ ಇರುವ ತೂಕದ ಕಲ್ಲುಗಳನ್ನು ನೋಡಿದರೆ ಒಂದು ಶೆಕೆಲ್ ಸುಮಾರು 11 ಗ್ರಾಂ. ಕೊಳ್ಳೋನು ಬೆಳ್ಳಿ ಚೂರನ್ನು ತಕ್ಕಡಿಗೆ ಹಾಕಬೇಕು, ಅಂಗಡಿಯವನು ಕಾಳು ಅಳೆದು ಕೊಡಬೇಕು. ಎರಡೂ ಅಳತೆ ಅಂಗಡಿಯವನ ಕೈಯಲ್ಲೇ. ಏಫಾ ಹತ್ತು ಪರ್ಸೆಂಟ್ ಕುಗ್ಗಿಸಿ ಕಲ್ಲನ್ನು ಹತ್ತು ಪರ್ಸೆಂಟ್ ಹಿಗ್ಗಿಸಿದ ಅಂತಿಟ್ಟುಕೊಳ್ಳಿ, ನೂರರ ಕಾಳಿಗೆ ನೂರಿಪ್ಪತ್ತೆರಡು ಬೀಳತ್ತೆ. ಬೆಲೆ ಮಾತ್ರ ಬದಲಾಗಿಲ್ಲ. ಬೋರ್ಡಿನ ಮೇಲೆ ಅದೇ ರೇಟು.

ನಮ್ಮೂರ ಕಡೆ ರಾಗಿ ಅಳೆಯುವಾಗ ಒಂದು ಅಂತ ಶುರು ಮಾಡಲ್ಲ. ಮೊದಲ ಸೇರಿಗೆ ‘ಲಾಭ’ ಅಂತಾರೆ, ಆಮೇಲೆ ಎರಡು, ಮೂರು. ಬೇಸಿಗೆಯಲ್ಲಿ ರಾಗಿ ಸಾಲ ಕೊಡ್ತಿದ್ದ ದೊಡ್ಡ ಮನೆಯೊಂದಿತ್ತು. ಆ ಯಜಮಾನರು ಕೈಕಾಲು ತೊಳೆದು, ಪೂರ್ವಕ್ಕೆ ಕೈ ಮುಗಿದೇ ಸೇರು ಮುಟ್ಟುತ್ತಿದ್ದದ್ದು. ಕೊಡುವಾಗ ಅಂಗೈಯಿಂದ ಸವರಿ ಸಪಾಟಾಗಿ ಅಳೆಯೋರು, ಸುಗ್ಗಿಯಲ್ಲಿ ವಾಪಸ್ ತಗೊಳ್ಳುವಾಗ ಗೋಪುರ ಏಳೋ ಹಾಗೆ. ಎರಡೂ ಸಲ ‘ಲಾಭ’ವೇ. “ಅವ್ರ ಸೇರು ಬ್ಯಾಸ್ಗೇಲಿ ಬಡಕ್ಲಾಗ್ತದೆ ಕಣ್ಲಾ, ಸುಗ್ಗೀಲಿ ಮೈ ತುಂಬ್ಕಂತದೆ,” ಅಂತ ನಮ್ಮಜ್ಜಿ ನಗ್ತಿದ್ದಳು. ಅವಳು ಸಿಟ್ಟಾಗಿದ್ದು ನಾನು ನೋಡಲಿಲ್ಲ. ಎದುರು ನಿಂತು ಕೇಳಿದ್ದೂ ನೋಡಲಿಲ್ಲ, ಮುಂದಿನ ಬೇಸಿಗೆಗೆ ಮತ್ತೆ ಅದೇ ಬಾಗಿಲಿಗೆ ಹೋಗಬೇಕಿತ್ತಲ್ಲ.

ಆಮೋಸ ಎದುರು ನಿಂತು ಕೇಳಿದ. ಕೇಳಿದ್ದು ಬೇತೇಲಿನಲ್ಲಿ, ಅದು ರಾಜನ ಸ್ವಂತ ದೇವಸ್ಥಾನ. ಅಲ್ಲಿನ ಯಾಜಕ ಅಮಚ್ಯ ಮೊದಲು ರಾಜನಿಗೆ ಹೇಳಿ ಕಳಿಸಿದ, ಇವನು ಒಳಸಂಚು ಮಾಡ್ತಿದ್ದಾನೆ ಅಂತ. ಆಮೇಲೆ ಆಮೋಸನಿಗೆ, ನಿನ್ನ ಯೆಹೂದಕ್ಕೆ ಓಡು, ಅಲ್ಲೇ ಪ್ರವಾದನೆ ಹೇಳಿ ಹೊಟ್ಟೆ ಹೊರಕೋ ಅಂದ. ಇದು ಬರೀ ಬೈಗುಳ ಅಲ್ಲ. ಅಮಚ್ಯನ ಲೋಕದಲ್ಲಿ ದೇವರ ಮಾತು ಆಡೋನು ಅಂದ್ರೆ ಯಾರದೋ ಸಂಬಳದವನು. ಆಮೋಸ ಕೊಟ್ಟ ಉತ್ತರದ ತಿರುಳು: ನಾನು ಕಸುಬಿನ ಪ್ರವಾದಿಯಲ್ಲ, ಪ್ರವಾದಿಗಳ ಮನೆಯವನೂ ಅಲ್ಲ, ಕುರಿ ಕಾಯೋನು, ಅತ್ತಿಹಣ್ಣಿನವನು. ಅಂದರೆ, ನನ್ನ ಊಟ ನಿನ್ನ ಕೈಯಲ್ಲಿ ಇಲ್ಲ. ತಿಂಗಳ ಕೊನೆಗೆ ಸಂಬಳದ ಮೆಸೇಜು ಕಾಯೋ ನನ್ನಂಥವನಿಗೆ ಈ ಉತ್ತರ ಸ್ವಲ್ಪ ಹೊಟ್ಟೆಕಿಚ್ಚು ತರಿಸತ್ತೆ.

ನಮ್ಮ ಟೀಮಿನಲ್ಲಿ ಗುಡಿಗೆ ಹೋಗದವರೇ ಜಾಸ್ತಿ. ಅವರಿಗೆ ಇದೆಲ್ಲ ಹೇಳಿದರೆ ಖುಷಿ ಆಗತ್ತೆ, ನೋಡಿದ್ಯಾ, ಪೂಜೆಗೀಜೆ ಎಲ್ಲಾ ಬೂಟಾಟಿಕೆ ಅಂತ ಅವತ್ತೇ ಹೇಳಿದಾನೆ ಅಂತಾರೆ. ಹಬ್ಬ, ಬಲಿ, ಹಾಡು ಯಾವುದೂ ದೇವರಿಗೆ ಬೇಡವಾಗಿದೆ ಅಂತ ಆಮೋಸ ಹೇಳಿದ್ದು ಹೌದು. ಆದರೆ ಆರನೇ ಅಧ್ಯಾಯದಲ್ಲಿ ಇನ್ನೊಂದು ಪಟ್ಟಿ ಇದೆ. ಮೆತ್ತನೆ ಮಂಚದಲ್ಲಿ ಒರಗೋದು, ಎಳೇ ಕುರಿಮರಿಯ ಮಾಂಸ, ವಾದ್ಯ ನುಡಿಸ್ತಾ ಹೊಸ ಹಾಡು ಕಟ್ಟೋದು, ಬಟ್ಟಲು ಬಟ್ಟಲು ದ್ರಾಕ್ಷಾರಸ, ಮೈಗೆ ದುಬಾರಿ ಎಣ್ಣೆ. ಇದರಲ್ಲಿ ದೇವರ ಸುದ್ದಿಯೇ ಇಲ್ಲ. ಇದು ನಮ್ಮ ಶನಿವಾರ ಸಂಜೆ. ಅಲ್ಲಿ ಅವನ ತಕರಾರು ಒಂದೇ, ನಾಡು ಮುರಿದು ಬೀಳ್ತಿದ್ರೂ ಇವರಿಗೆ ಸಂಕಟ ಆಗ್ತಿಲ್ಲ ಅನ್ನೋದು.

ನಾಡು ಮುರಿದೇ ಬಿತ್ತು. ಕ್ರಿ.ಪೂ. 722ರ ಹೊತ್ತಿಗೆ ಅಸ್ಸೀರಿಯಾದವರು ಸಮಾರ್ಯವನ್ನು ತಗೊಂಡರು. ಆಮೋಸನ ಮಾತುಗಳು ದಕ್ಷಿಣದಲ್ಲಿ ಉಳಿದವು. ಅಲ್ಲಿ ಯೆಶಾಯ, ಮೀಕ ಅದೇ ದೂರನ್ನು ಮುಂದುವರಿಸಿದರು: ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಳ್ಳೋರ ಬಗ್ಗೆ, ರಾತ್ರಿ ಹಾಸಿಗೆಯಲ್ಲಿ ಯೋಚಿಸಿ ಬೆಳಗಾಗುತ್ತಲೇ ಇನ್ನೊಬ್ಬರ ಜಮೀನು ಕಬಳಿಸೋರ ಬಗ್ಗೆ. ನೂರು ವರ್ಷ ಆದಮೇಲೆ ಯೆರೆಮೀಯ ಜೆರುಸಲೇಮಿನ ದೇವಾಲಯದಲ್ಲೇ ನಿಂತು, ಈ ಗುಡಿ ಇದೆ ಅಂತ ನೀವು ಬಚಾವಾಗಲ್ಲ ಅಂದಾಗ ಯಾಜಕರು ಅವನನ್ನು ಕೊಲ್ಲಬೇಕು ಅಂದರು. ಆಗ ಕೆಲವು ಹಿರಿಯರು ಎದ್ದು, ಮೀಕನೂ ಹೀಗೇ ಹೇಳಿದ್ದ, ಅವತ್ತಿನ ರಾಜ ಅವನನ್ನು ಕೊಲ್ಲಲಿಲ್ಲ ಅಂತ ನೆನಪಿಸಿದರು. ಹಳೇ ದೂರೊಂದನ್ನು ಯಾರೋ ಅಳಿಸದೆ ಇಟ್ಟಿದ್ದಕ್ಕೆ ಯೆರೆಮೀಯನ ಜೀವ ಉಳೀತು.

ಅಳಿಸದೇ ಇದ್ದದ್ದೇ ನನಗೆ ಈ ಜನರಲ್ಲಿ ದೊಡ್ಡದಾಗಿ ಕಾಣೋದು. ಬೇತೇಲಿನಿಂದ ಓಡಿಸಿಕೊಂಡವನ ಮಾತು ಧರ್ಮಗ್ರಂಥದ ಒಳಗಿದೆ. ಓಡಿಸಿದ ಅಮಚ್ಯ ಈಗ ನೆನಪಲ್ಲಿರೋದು ಆ ಪುಸ್ತಕದಿಂದಲೇ. 1963ರಲ್ಲಿ ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡುವಾಗ ನ್ಯಾಯ ನೀರಿನಂತೆ ಹರಿಯಬೇಕು ಅಂದದ್ದು ಆಮೋಸನನ್ನು ನೆನೆದೇ. ಎರಡು ವರ್ಷದ ಮೇಲೆ ಸೆಲ್ಮಾದಲ್ಲಿ ಕಿಂಗ್ ಜೊತೆ ನಡೆದವರಲ್ಲಿ ಪ್ರವಾದಿಗಳ ಬಗ್ಗೆ ದೊಡ್ಡ ಪುಸ್ತಕ ಬರೆದ ಅಬ್ರಹಾಂ ಹೆಶೆಲ್ ಎಂಬ ಯೆಹೂದಿ ಗುರುವೂ ಇದ್ದರು.

ಅದಕ್ಕಿಂತ ನನಗೆ ಇಷ್ಟವಾದದ್ದು ಇನ್ನೊಂದು. ಯೆಹೂದ್ಯರಿಗೆ ವರ್ಷದ ಅತಿ ಪವಿತ್ರ ದಿನ ಯೋಮ್ ಕಿಪ್ಪುರ್. ಸುಮಾರು 25 ಗಂಟೆ ಊಟ ಇಲ್ಲ, ನೀರೂ ಇಲ್ಲ. ಆ ಬೆಳಗಿನ ಪ್ರಾರ್ಥನೆಯಲ್ಲಿ ಪ್ರವಾದಿಗಳ ಒಂದು ಭಾಗ ಓದಬೇಕು. ಹಿಂದಿನ ಗುರುಗಳು ಅದಕ್ಕೆ ಆರಿಸಿದ್ದು ಯೆಶಾಯನ ಪುಸ್ತಕದ, ಉಪವಾಸವನ್ನೇ ಝಾಡಿಸುವ ಭಾಗವನ್ನು. ಉಪವಾಸದ ದಿನವೇ ನಿಮ್ಮ ಆಳುಗಳನ್ನು ಹಿಂಡ್ತೀರಿ, ಜಗಳ ಆಡ್ತೀರಿ, ಜೊಂಡಿನ ಹಾಗೆ ತಲೆ ಬಗ್ಗಿಸಿ ಕೂತರೆ ಅದು ಉಪವಾಸವಾ ಅಂತ ಅಲ್ಲಿ ದೇವರು ಕೇಳ್ತಾನೆ. ಹಸಿದವನಿಗೆ ಅನ್ನ ಹಂಚು, ಬಟ್ಟೆ ಇಲ್ಲದವನಿಗೆ ಹೊದಿಸು ಅಂತಾನೆ. ಇದನ್ನು ಕೇಳುವ ಅಷ್ಟೂ ಜನ ಹಿಂದಿನ ಸಂಜೆಯಿಂದ ಉಪವಾಸ ಇದ್ದು, ಒಣಗಿದ ಬಾಯಲ್ಲಿ ಕೂತಿರ್ತಾರೆ. ಓದು ಮುಗಿದ ಮೇಲೂ ಯಾರೂ ಎದ್ದು ಊಟಕ್ಕೆ ಹೋಗಲ್ಲ. ನಕ್ಷತ್ರ ಕಾಣೋವರೆಗೆ ಇನ್ನೂ ಬಹಳ ಹೊತ್ತಿರತ್ತೆ.