ಹುಣ್ಣಿಮೆಗೊಂದು ಹೆಸರು, ಹೆಸರಿಗೊಂದು ಪಾಠ

ನಮ್ಮ ರಾಣೆಬೆನ್ನೂರು, ಹಾವೇರಿ, ಬ್ಯಾಡಗಿ ಸೀಮೆಯಲ್ಲಿ ಹುಣ್ಣಿಮೆ ಎಂದರೆ ಬರೀ ಹುಣ್ಣಿಮೆಯಲ್ಲ, ಪ್ರತಿಯೊಂದಕ್ಕೂ ಹೆಸರಿದೆ. ಚೈತ್ರದ್ದು ದವನದ ಹುಣ್ಣಿಮೆ, ವೈಶಾಖದ್ದು ಆಗಿ ಹುಣ್ಣಿಮೆ, ಜ್ಯೇಷ್ಠದ್ದು ಕಾರಹುಣ್ಣಿಮೆ. ಶ್ರಾವಣಕ್ಕೆ ನೂಲ ಹುಣ್ಣಿಮೆ, ಆಶ್ವೀಜಕ್ಕೆ ಸೀಗಿ ಹುಣ್ಣಿಮೆ, ಕಾರ್ತೀಕಕ್ಕೆ ಗೌರಿ ಹುಣ್ಣಿಮೆ, ಮಾಘಕ್ಕೆ ಭಾರತ ಹುಣ್ಣಿಮೆ. ಗೋಡೆಗೆ ಕ್ಯಾಲೆಂಡರು ಬರುವ ಮೊದಲು ಹಿರಿಯರು ದಿನ ಲೆಕ್ಕ ಹಾಕುತ್ತಿದ್ದುದು ಆಕಾಶ ನೋಡಿ. ಓದು ಬಾರದವರೂ ಚಂದ್ರನನ್ನು ಓದಬಲ್ಲವರಾಗಿದ್ದರು.

ಕಳೆದ ವರ್ಷ ಪಾಲಕರೊಬ್ಬರು ಶಾಲೆಗೆ ಬಂದು, ‘ಸರ, ಈ ಸಲ ಮಗಳನ್ನ ಸೀಗಿ ಹುಣ್ಣಿಮಿಗೆ ಹೊಲಕ್ಕ ಕಳಸೂದು ಬ್ಯಾಡ ಅಂತ ಮಾಡೇವ್ರಿ. ಎಸ್ಸೆಸ್ಸೆಲ್ಸಿ ಐತಿ, ಒಂದು ದಿನ ಸುಮ್ಮನ ಹಾಳಾಗ್ತೈತಿ’ ಎಂದರು. ಅವರ ಆತಂಕ ನನಗೆ ಅರ್ಥವಾಗುತ್ತದೆ. ಆದರೆ ಆ ದಿನ ಹಾಳಾಗುತ್ತದೆ ಎಂಬ ಮಾತನ್ನು ಒಪ್ಪಲಾರೆ.

ಅದೇ ವಾರ ಒಂಬತ್ತನೆಯ ತರಗತಿಯಲ್ಲಿ ಚಂದ್ರನ ಕಲೆಗಳ ಪಾಠವಿತ್ತು. ಹುಣ್ಣಿಮೆಯಿಂದ ಹುಣ್ಣಿಮೆಗೆ ಎಷ್ಟು ದಿನ ಎಂದು ಕೇಳಿದರೆ ‘ಇಪ್ಪತ್ತೊಂಬತ್ತೂವರೆ’ ಎಂದು ಇಡೀ ತರಗತಿ ಕೂಗಿತು. ‘ಸರಿ, ಹುಣ್ಣಿಮೆಯ ಚಂದ್ರ ಎಷ್ಟು ಹೊತ್ತಿಗೆ ಮೂಡುತ್ತಾನೆ?’ ಎಂದೆ. ಎಲ್ಲರೂ ಸುಮ್ಮನಾದರು. ಕೊನೆಗೆ ಹಿಂದಿನ ಸಾಲಿನ ಹುಡುಗಿಯೊಬ್ಬಳು ಅಂಜುತ್ತ, ‘ಹೊತ್ತು ಮುಳುಗೂ ಹೊತ್ತಿಗೆ ಮೂಡ್ತಾನಂತ ನಮ್ಮಜ್ಜಿ ಅಂತಾಳ್ರಿ. ಆದ್ರ ಅಕಿ ಸಾಲಿ ಕಲತಿಲ್ರಿ’ ಎಂದಳು. ಅಜ್ಜಿಯ ಮಾತೇ ಸರಿಯುತ್ತರ. ಹುಣ್ಣಿಮೆಯಂದು ಸೂರ್ಯ ಒಂದು ಕಡೆ, ಚಂದ್ರ ಎದುರು ಕಡೆ, ನಡುವೆ ಭೂಮಿ. ಅದಕ್ಕೇ ಒಬ್ಬ ಮುಳುಗುವಾಗ ಇನ್ನೊಬ್ಬ ಮೂಡುತ್ತಾನೆ. ನನ್ನನ್ನು ಕಾಡಿದ್ದು ಅವಳ ಕೊನೆಯ ಮಾತು. ಸರಿಯುತ್ತರ ಹೇಳಿಯೂ ಆ ಮಗು ಅಜ್ಜಿಯ ಪರವಾಗಿ ನಾಚಿಕೊಂಡಿತ್ತು.

ಹಬ್ಬಗಳಲ್ಲಿ ಇಂಥ ಪಾಠ ಬೇಕಾದಷ್ಟಿವೆ. ನಾಗರ ಪಂಚಮಿಯನ್ನೇ ನೋಡಿ. 2022ರಲ್ಲಿ ಅದು ಆಗಸ್ಟ್ 2ಕ್ಕೆ ಬಂತು, 2023ರಲ್ಲಿ ಆಗಸ್ಟ್ 21ಕ್ಕೆ, 2024ರಲ್ಲಿ ಆಗಸ್ಟ್ 9ಕ್ಕೆ, 2025ರಲ್ಲಿ ಜುಲೈ 29ಕ್ಕೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಸೂರ್ಯನ ವರ್ಷಕ್ಕಿಂತ 11 ದಿನ ಕಡಿಮೆ. ಹಾಗಾಗಿ ಹಬ್ಬ ವರ್ಷವರ್ಷಕ್ಕೆ ಹಿಂದೆ ಸರಿಯುತ್ತದೆ. ಹೀಗೇ ಬಿಟ್ಟರೆ ಪಂಚಮಿ ಬೇಸಿಗೆಗೆ ಬಂದು ನಿಲ್ಲುತ್ತಿತ್ತು. ಅದನ್ನು ತಡೆಯಲು ಎರಡೂವರೆ–ಮೂರು ವರ್ಷಕ್ಕೊಮ್ಮೆ ಅಧಿಕ ಮಾಸ ಸೇರಿಸುತ್ತಾರೆ. 2023ರಲ್ಲಿ ಅಧಿಕ ಶ್ರಾವಣ ಬಂದದ್ದರಿಂದಲೇ ಪಂಚಮಿ ಮುಂದೆ ಹೋಯಿತು. ಮಳೆ ನಕ್ಷತ್ರಗಳ ಲೆಕ್ಕ ಮಾತ್ರ ಸೂರ್ಯನದು. ಆದ್ದರಿಂದ ರೋಹಿಣಿ, ಮೃಗಶಿರಾ ಮಳೆಗಳು ಪ್ರತಿ ವರ್ಷ ಹೆಚ್ಚುಕಡಿಮೆ ಅದೇ ತಾರೀಖಿಗೆ ಹೂಡುತ್ತವೆ. ಹಬ್ಬಕ್ಕೆ ಚಂದ್ರ, ಬಿತ್ತನೆಗೆ ಸೂರ್ಯ! ನಮ್ಮ ರೈತರು ಎರಡು ಲೆಕ್ಕವನ್ನು ಒಟ್ಟಿಗೆ ಇಟ್ಟುಕೊಂಡವರು.

ಪಂಚಮಿಯ ಜೋಕಾಲಿಯೂ ಒಂದು ಪ್ರಯೋಗವೇ. ಹಗ್ಗ 4 ಮೀಟರ್ ಉದ್ದವಿದ್ದರೆ ಜೋಕಾಲಿ ಒಮ್ಮೆ ಹೋಗಿ ಬರಲು ಸುಮಾರು 4 ಸೆಕೆಂಡು ಬೇಕು. ಮೆಲ್ಲಗೆ ತೂಗಿದಾಗ, ಕೂತವರು ದಪ್ಪಗಿರಲಿ ತೆಳ್ಳಗಿರಲಿ, ಸಮಯ ಹೆಚ್ಚುಕಡಿಮೆ ಅಷ್ಟೇ. ಶೇಂಗಾ ಉಂಡಿ ತಿನ್ನುತ್ತ ಗಡಿಯಾರ ಹಿಡಿದು ಎಣಿಸಿದ ಮಗು ಲೋಲಕದ ನಿಯಮವನ್ನು ಮರೆಯುವುದಿಲ್ಲ.

ಕಾರಹುಣ್ಣಿಮೆಗೆ ಎತ್ತುಗಳ ಕೋಡಿಗೆ ಬಣ್ಣ ಹಚ್ಚಿ, ಸಂಜೆ ಕರಿ ಹರಿಯುತ್ತಾರೆ. ಮುಂದೆ ಬಂದ ಎತ್ತಿನ ಬಣ್ಣ ನೋಡಿ ಮುಂಗಾರಿ ಚೆನ್ನಾಗಿ ಬರುತ್ತದೋ ಹಿಂಗಾರಿಯೋ ಎಂದು ಹೇಳುವ ರೂಢಿಯಿದೆ. ನಾನು ಮಕ್ಕಳಿಗೆ ನಂಬಿ ಎನ್ನುವುದಿಲ್ಲ, ನಗಿರಿ ಎಂದೂ ಹೇಳುವುದಿಲ್ಲ, ಬರೆದಿಡಿ ಎನ್ನುತ್ತೇನೆ. ಹತ್ತು ವರ್ಷ ಎತ್ತಿನ ಬಣ್ಣವನ್ನೂ ಬೆಳೆಯನ್ನೂ ಎದುರುಬದುರು ಬರೆದರೆ ನಿಜ ತಾನಾಗಿ ತಿಳಿಯುತ್ತದೆ. ವಿಜ್ಞಾನ ಎಂದರೆ ಇದೇ.

ಹಬ್ಬದಲ್ಲಿ ನಡೆಯುವುದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ದೀಪಾವಳಿಯಿಂದಾಚೆಗೆ ನಮ್ಮ ಕಡೆ ಹೋರಿ ಬೆದರಿಸುವ ಹಬ್ಬ ನಡೆಯುತ್ತದೆ. ಕೊಬ್ಬರಿ ಹಾರ ಕಟ್ಟಿಕೊಂಡು ಓಡುವ 400 ಕಿಲೋ ಹೋರಿ ಎಂದರೆ 50 ಕಿಲೋದ ಎಂಟು ಹುಡುಗರ ತೂಕ. ಅದು ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬಂದು ಹಾಯ್ದರೆ ಧೈರ್ಯ ಕೆಲಸಕ್ಕೆ ಬರುವುದಿಲ್ಲ. ಈ ಹಬ್ಬದಲ್ಲಿ ಪ್ರಾಣ ಕಳೆದುಕೊಂಡವರಿದ್ದಾರೆ. ಮಕ್ಕಳೇ, ಆ ಗುಣಾಕಾರವನ್ನು ಮನೆಯಲ್ಲೇ ಮಾಡಿ; ನೋಡುವುದಾದರೆ ಬೇಲಿಯ ಆಚೆ ನಿಂತು ನೋಡಿ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೇ. ಸೀಗಿ ಹುಣ್ಣಿಮೆಗೆ ಚರಗ ಚೆಲ್ಲಲು ಹೊರಟಾಗ ಮಗುವನ್ನೂ ಕರೆದುಕೊಂಡು ಹೋಗಿ. ತುಂಬಿ ನಿಂತ ಬೆಳೆಯನ್ನು ಬಸುರಿಯೆಂದು ತಿಳಿದು ಉಡಿ ತುಂಬುವ ದಿನವದು. ಗೋವಿನಜೋಳದ ತೆನೆ ಸುಲಿದು ನೋಡಲಿ, ಹತ್ತಿಯ ಕಾಯಿ ಬಿಡಿಸಿ ನೋಡಲಿ. ಹೊಲವಿಲ್ಲದವರು ಮಾಳಿಗೆ ಹತ್ತಿದರೂ ಸಾಕು. ನೂರು ಪುಟದ ಒಂದು ನೋಟುಬುಕ್ಕು ಕೊಡಿಸಿ, ನಾಲ್ಕು ಅಂಕಣ ಹಾಕಿಸಿ: ಹುಣ್ಣಿಮೆಯ ಹೆಸರು, ತಾರೀಖು, ಚಂದ್ರ ಮೂಡಿದ ಹೊತ್ತು, ಮನೆಯ ಹಿರಿಯರು ಹೇಳಿದ ಮಾತು. ಮೊದಲ ಮೂರು ಅಂಕಣವನ್ನು ಮುಂದೆ ಯಾವ ವರ್ಷ ಬೇಕಾದರೂ ತುಂಬಬಹುದು. ನಾಲ್ಕನೆಯದನ್ನು ತುಂಬಲು ಹಿರಿಯರು ನಮ್ಮೊಡನೆ ಇರುವವರೆಗೆ ಮಾತ್ರ ಅವಕಾಶ.